ಅಂಕ ಕಡಿಮೆ ಬಂದ ಮಕ್ಕಳು ಡಾಕ್ಟರಾಗಬಹುದೆ?

ಪಿಯುಸಿ ಫಲಿತಾಂಶ ಪ್ರಕಟವಾದ ನಂತರದ ಎರಡು ಮೂರು ವಾರ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಹದಿನೇಳು, ಹದಿನೆಂಟರ ವಯಸ್ಸಿನ ರೋಗಿಗಳು ಹೆಚ್ಚಾಗಿ ಬರುತ್ತಾರೆ. ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಇವೇ ದೂರುಗಳು. ಜೊತೆಯಲ್ಲಿ ತಂದೆ ತಾಯಿ ಇಬ್ಬರೂ ಬಂದಿರುತ್ತಾರೆ. ನಾಡಿ ನೋಡಿ, ನಾಲಿಗೆ ನೋಡಿ, ಹೊಟ್ಟೆ ಒತ್ತಿ ಪರೀಕ್ಷಿಸಿ ಮುಗಿಯುವ ಹೊತ್ತಿಗೆ ತಂದೆ ನಿಧಾನವಾಗಿ ಅಸಲು ವಿಷಯಕ್ಕೆ ಬರುತ್ತಾರೆ. 'ಡಾಕ್ಟ್ರೇ, ಇವನಿಗೆ ಬರೀ ಅರವತ್ತು ಪರ್ಸೆಂಟು. ಮೆಡಿಕಲ್‌ಗೆ ಏನಾದರೂ ದಾರಿ ಇದೆಯೆ?'

ಆರೋಗ್ಯದ ಅಂಕಣದಲ್ಲಿ ಸೀಟಿನ ಮಾತೇಕೆ ಎಂದು ನೀವು ಕೇಳಬಹುದು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಎಷ್ಟೋ ಮನೆಗಳಲ್ಲಿ ಎಲ್ಲರ ನಿದ್ದೆ, ಊಟ, ರಕ್ತದೊತ್ತಡ ಮೂರನ್ನೂ ಕೆಡಿಸುವುದು ಇದೇ ಪ್ರಶ್ನೆ. ಹಾಗಾಗಿ ಇದೂ ನಮ್ಮ ವ್ಯಾಪ್ತಿಗೆ ಸೇರಿದ್ದೇ.

ಮೊದಲು ನೇರ ಉತ್ತರ. ದಾರಿ ಇದೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಹಳೆಯ ಅಂಕಗಳು ಎಂಬಿಬಿಎಸ್ ಬಾಗಿಲನ್ನು ಇಂದು ಮುಚ್ಚುವುದಿಲ್ಲ. ಆದರೆ ಆ ಅಂಕ ಏಕೆ ಕಡಿಮೆಯಾಯಿತು ಎಂಬುದನ್ನು ಪತ್ತೆ ಹಚ್ಚದೆ ಅದೇ ಮಗುವನ್ನು ಮತ್ತೆ ಅದೇ ಮೇಜಿನ ಮುಂದೆ ಒಂದು ವರ್ಷ ಕೂರಿಸಿದರೆ ಪ್ರಯೋಜನವಾಗುವುದು ಕಡಿಮೆ. ಜ್ವರಕ್ಕೆ ಕಾರಣ ನೋಡದೆ ಮಾತ್ರೆ ನುಂಗಿಸಿದ ಹಾಗೆ.

ನಿಯಮ ಹೇಳುವುದೇನು?

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಲೆಕ್ಕಕ್ಕೆ ಬರುತ್ತದೆ. ವೈದ್ಯಕೀಯಕ್ಕೆ ಹಾಗಿಲ್ಲ. ನೀಟ್ ಪರೀಕ್ಷೆ 2013ರಲ್ಲಿ ಮೊದಲ ಬಾರಿ ನಡೆಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, 2016ರಲ್ಲಿ ಮತ್ತೆ ಜಾರಿಗೆ ತಂದಿತು. ಈಗ ಸರ್ಕಾರಿ ಇರಲಿ, ಖಾಸಗಿ ಇರಲಿ, ಡೀಮ್ಡ್ ಇರಲಿ, ಎಂಬಿಬಿಎಸ್ ರ‍್ಯಾಂಕಿಗೆ ನೀಟ್ ಅಂಕ ಒಂದೇ ಆಧಾರ. ಪಿಯುಸಿಯಲ್ಲಿ ಕೇಳುವುದು ಅರ್ಹತೆ ಮಾತ್ರ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇಕಡ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇಕಡ 40. ಅಂದರೆ 300ಕ್ಕೆ 150 ಅಥವಾ 120. ಇಂಗ್ಲಿಷ್ ಸೇರಿದಂತೆ ಪ್ರತಿಯೊಂದು ವಿಷಯದಲ್ಲೂ ಪಾಸಾಗಿರಬೇಕು ಅಷ್ಟೆ. 62 ಬಂದವನಿಗೂ 98 ಬಂದವಳಿಗೂ ನೀಟ್ ದಿನ ಒಂದೇ ಗೆರೆಯಿಂದ ಓಟ.

ಇಲ್ಲಿ ಒಂದು ಎಚ್ಚರಿಕೆ. ಪಿಯುಸಿ ಪಾಸಾಗುವುದು ಬೇರೆ, ಈ ಮೂರು ವಿಷಯಗಳಲ್ಲಿ 150 ದಾಟುವುದು ಬೇರೆ. ಪಾಸಾಗಿದ್ದಾನೆ ಎಂದು ಸುಮ್ಮನಿದ್ದು, ನೀಟ್‌ನಲ್ಲಿ ಅಂಕ ಬಂದ ಮೇಲೆ ಪಿಯುಸಿ ಮೊತ್ತ 146 ಎಂದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತವರುಂಟು. 2024ರಿಂದ ನಮ್ಮಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆಸುತ್ತಿದ್ದಾರೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದದ್ದು ಉಳಿಯುತ್ತದೆ. ಗಡಿಯ ಹತ್ತಿರ ಇರುವವರು ಈ ಅವಕಾಶವನ್ನು ಬಿಡಬಾರದು. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದೆ ಕಂಪ್ಯೂಟರ್ ಸೈನ್ಸ್ ಓದಿದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ನಂತರ ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಲ್ಲಿ ಜೀವಶಾಸ್ತ್ರ ಪಾಸು ಮಾಡಿದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿದೆ. ಗರಿಷ್ಠ ವಯೋಮಿತಿ 2022ರಲ್ಲಿಯೇ ಹೋಗಿದೆ.

ಇನ್ನು 'ಕ್ವಾಲಿಫೈ' ಎಂಬ ಪದ. ಇದರಷ್ಟು ಮನೆಗಳಿಗೆ ಮೋಸ ಮಾಡಿದ ಪದ ಇನ್ನೊಂದಿಲ್ಲ. ನೀಟ್ ಅರ್ಹತೆ ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿದ್ದರೆ ಸಾಮಾನ್ಯ ವರ್ಗದವರು ಅರ್ಹರು. 2025ರಲ್ಲಿ ಆ ಗೆರೆ 720ಕ್ಕೆ 144 ಅಂಕಕ್ಕೆ ಬಿತ್ತು. ನೂರಕ್ಕೆ ಇಪ್ಪತ್ತು ಅಂದ ಹಾಗಾಯಿತು. ಆ ವರ್ಷ ಸುಮಾರು 22 ಲಕ್ಷ ಮಕ್ಕಳು ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಇಡೀ ದೇಶದ ಎಂಬಿಬಿಎಸ್ ಸೀಟುಗಳು 1 ಲಕ್ಷ 20 ಸಾವಿರದ ಆಸುಪಾಸು. ಅರ್ಹರಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸೀಟಿಲ್ಲ. ಸಾಮಾನ್ಯ ವರ್ಗದಲ್ಲಿ ಸರ್ಕಾರಿ ಕಾಲೇಜಿನ ಸೀಟು ಬೇಕಾದರೆ ಆ 144ರ ಮೂರು ಪಟ್ಟಿಗೂ ಮೇಲೆ ಬೇಕು. ಕ್ವಾಲಿಫೈ ಆದನೆಂದು ಓಣಿಗೆಲ್ಲ ಪೇಡ ಹಂಚುವ ಮುನ್ನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳ ಪಟ್ಟಿಯನ್ನು, ನಿಮ್ಮ ವರ್ಗದ ಕಾಲಮ್ಮಿನಲ್ಲಿ, ಒಮ್ಮೆ ನೋಡಿ. ಅಂಕ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ ಅಂಕಕ್ಕಿಂತ ರ‍್ಯಾಂಕ್ ನೋಡುವುದು ಮೇಲು.

ಅಂಕಪಟ್ಟಿಯ ಹಿನ್ನೆಲೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಅಂಕಪಟ್ಟಿ ತಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ, 'ಯಾವ ತರಗತಿಯಿಂದ ಇಳಿಯಿತು?' ಏಳನೆಯ ತರಗತಿವರೆಗೆ ಚೆನ್ನಾಗಿದ್ದು ಎಂಟರಲ್ಲಿ ಇಳಿದದ್ದು ಒಂದು ಕಥೆ. ಮೊದಲಿನಿಂದಲೂ ಗಣಿತ ಸರಿ, ಓದು ಬರಹ ಮಾತ್ರ ನಿಧಾನ ಎಂಬುದು ಇನ್ನೊಂದು ಕಥೆ. ಹತ್ತರಲ್ಲಿ 90, ಪಿಯುಸಿಯಲ್ಲಿ 55 ಎಂಬುದು ಮೂರನೆಯದು. ಎಲ್ಲಕ್ಕೂ 'ಮೊಬೈಲ್ ನೋಡ್ತಾನೆ ಸಾರ್' ಎಂಬ ಒಂದೇ ಉತ್ತರ ಸಾಲದು. ಮೊಬೈಲ್ ಕಾರಣವಾಗಿರಬಹುದು. ಎಷ್ಟೋ ಸಲ ಓದಲಾಗದ ಮಗು ಮೊಬೈಲಿನ ಮೊರೆ ಹೋಗಿರುತ್ತದೆ.

ಹೆಣ್ಣುಮಕ್ಕಳಲ್ಲಿ ನಾನು ಮೊದಲು ಕಣ್ಣಿನ ರೆಪ್ಪೆ ಎಳೆದು ನೋಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 8, 9 ಇಟ್ಟುಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಏಳುವ ಹುಡುಗಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ, ಮಧ್ಯಾಹ್ನ ಕಣ್ಣು ಕತ್ತಲಿಡುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಸೋಮಾರಿತನ ಎನ್ನುತ್ತಾರೆ. ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಊಟದ ಜೊತೆ ಒಂದು ಹೋಳು ನಿಂಬೆ, ಊಟದ ಬೆನ್ನಿಗೇ ಕಾಫಿ ಟೀ ಬಿಡುವುದು. ಇಷ್ಟರಿಂದಲೇ ಎರಡು ಮೂರು ತಿಂಗಳಲ್ಲಿ ಬೇರೆಯೇ ಹುಡುಗಿಯಾದದ್ದನ್ನು ನೋಡಿದ್ದೇನೆ. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಜೊತೆಯಲ್ಲಿಯೇ ಮಾಡಿಸಿಬಿಡಿ.

ಕಣ್ಣು ಇನ್ನೊಂದು. ದೂರದೃಷ್ಟಿ ಕುಂದಿದ ಮಗುವಿಗೆ ತನಗೆ ಕಾಣುತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಎಲ್ಲರಿಗೂ ಬೋರ್ಡು ಹೀಗೆಯೇ ಮಸುಕು ಎಂದುಕೊಂಡಿರುತ್ತದೆ. ನೂರಿನ್ನೂರು ಮಕ್ಕಳು ಕೂರುವ ಕೋಚಿಂಗ್ ತರಗತಿಯ ಕೊನೆಯ ಬೆಂಚಿನಲ್ಲಿ ಎರಡು ವರ್ಷ ಕಳೆದವರಿದ್ದಾರೆ. ಮಾತಿನ ಮಧ್ಯೆ ಕೆಲವು ಸೆಕೆಂಡು ಕಣ್ಣು ನೆಟ್ಟು ಶೂನ್ಯದಲ್ಲಿ ನಿಂತುಬಿಡುವ ಮಗುವನ್ನು ಮೇಷ್ಟ್ರು 'ಕನಸು ಕಾಣ್ತಾನೆ' ಎನ್ನಬಹುದು. ಅದು ಒಂದು ಬಗೆಯ ಮೂರ್ಛೆರೋಗವೂ ಆಗಿರಬಹುದು, ಅದಕ್ಕೆ ಒಳ್ಳೆಯ ಔಷಧಿ ಇದೆ.

ಓದುವಾಗ ಸಾಲು ತಪ್ಪುವುದು, ಕಾಗುಣಿತ ಎಷ್ಟು ತಿದ್ದಿದರೂ ತಪ್ಪುವುದು, ಬಾಯಲ್ಲಿ ಹೇಳಲು ಬಂದದ್ದು ಕಾಗದದ ಮೇಲೆ ಬಾರದಿರುವುದು. ಇದು ಕಲಿಕಾ ನ್ಯೂನತೆಯ ಲಕ್ಷಣ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇದೂ ಸೇರಿದೆ. ಸರಿಯಾದ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಪಡೆಯಲು ಅವಕಾಶವಿದೆ. ಪ್ರಮಾಣಪತ್ರಕ್ಕೆ ತಿಂಗಳುಗಟ್ಟಲೆ ಓಡಾಟ ಬೇಕಾದೀತು, ಪರೀಕ್ಷೆಯ ಹಿಂದಿನ ತಿಂಗಳು ಹೊರಟರೆ ಆಗದು.

ಪಿಯುಸಿಗೆ ಬಂದೊಡನೆ ಒಮ್ಮೆಲೇ ಇಳಿದವರ ವಿಷಯ ಬೇರೆ. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕ. ಇದು ಒಂದು ಕಾರಣ. ಮನೆಯಿಂದ ದೂರ ಹಾಸ್ಟೆಲ್, ಐದು ಗಂಟೆ ನಿದ್ದೆ, ವಾರವಾರ ಗೋಡೆಗೆ ಅಂಟಿಸುವ ರ‍್ಯಾಂಕ್ ಪಟ್ಟಿ. ಇದು ಇನ್ನೊಂದು. ಈ ವಯಸ್ಸಿನ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ನಿದ್ದೆ ಕದ್ದು ಓದಿಸುವವರು ಒಂದು ಕೈಯಲ್ಲಿ ನೀರು ತುಂಬಿಸಿ ಇನ್ನೊಂದು ಕೈಯಲ್ಲಿ ಕೊಡಕ್ಕೆ ತೂತು ಮಾಡುತ್ತಿದ್ದಾರೆ. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಕುಡಿದ ಲೋಟದಲ್ಲಿ ಅರ್ಧ, ರಾತ್ರಿ ಒಂದಕ್ಕೂ ಮೈಯಲ್ಲಿರುತ್ತದೆ. (ನೆನಪಿನ ಶಕ್ತಿಯ ಟಾನಿಕ್ ಬರೆದುಕೊಡಿ ಎಂದು ಕೇಳುವವರಿಗೆ: ಅಂಕ ತಂದುಕೊಡುವ ಟಾನಿಕ್ ಯಾವ ಅಂಗಡಿಯಲ್ಲೂ ಇಲ್ಲ. ಆ ದುಡ್ಡಿಗೆ ಹಣ್ಣು ಕೊಡಿಸಿ.)

ಹಿಂಜರಿಯದೆ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಮಗುವಿಗೆ ಡಾಕ್ಟರಾಗುವ ಆಸೆ ಇದೆಯೆ? ತಂದೆ ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಕೆಲವರು ನೆಲ ನೋಡುತ್ತಾರೆ. ಅಲ್ಲಿ ಕಡಿಮೆ ಅಂಕಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇನ್ನೊಂದು ವರ್ಷ ಕೂರಬೇಕೆ?

ಕಾರಣ ಸಿಕ್ಕಿ, ಅದು ಸರಿಪಡಿಸುವಂಥದ್ದಾಗಿದ್ದು, ಮಗುವಿಗೇ ಮನಸ್ಸಿದ್ದರೆ, ಒಂದು ವರ್ಷ ಕೊಡುವುದು ತಪ್ಪಲ್ಲ. ನೀಟ್ ಎಷ್ಟು ಬಾರಿ ಬೇಕಾದರೂ ಬರೆಯಬಹುದು. ಆದರೆ ಕಾನೂನು ಬಿಟ್ಟದ್ದೆಲ್ಲ ಮೈಗೆ ಒಗ್ಗುವುದಿಲ್ಲ. ಎರಡನೆಯ ಪ್ರಯತ್ನದಲ್ಲಿ ಒಳ್ಳೆಯ ಏರಿಕೆ ಕಂಡವರು ನನ್ನ ರೋಗಿಗಳ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಮೂರನೆಯ, ನಾಲ್ಕನೆಯ ವರ್ಷ ಕೂತವರಲ್ಲಿ ಅಂಕಕ್ಕಿಂತ ಬೇಗ ಏರಿದ್ದು ಆತಂಕ. ನನ್ನ ಅಭಿಪ್ರಾಯ ಕೇಳಿದರೆ ಒಂದು ವರ್ಷ, ಅದೂ ಷರತ್ತಿನ ಮೇಲೆ. ಶುರುವಿನಲ್ಲಿಯೇ ಪೂರ್ತಿ ಅವಧಿಯ ಒಂದು ಮಾದರಿ ಪರೀಕ್ಷೆ ಬರೆಸಿ ಅಂಕ ಬರೆದಿಡಿ. ದೀಪಾವಳಿಯ ಹೊತ್ತಿಗೆ ಇನ್ನೊಂದು. ಏರಿಕೆ ಕಾಣದಿದ್ದರೆ ಬೇರೆ ಕೋರ್ಸಿನ ಅರ್ಜಿಗಳಿಗೆ ಆಗಲೇ ಸಿದ್ಧರಾಗಿ.

ದುರ್ಬಲ ವಿದ್ಯಾರ್ಥಿಗೆ ಈ ಪರೀಕ್ಷೆಯಲ್ಲಿ ಒಂದು ಅನುಕೂಲವೂ ಇದೆ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 720ರಲ್ಲಿ 360 ಅಂಕ ಅಲ್ಲಿಯೇ ಇದೆ. ಸಮ ಅಂಕ ಬಂದಾಗಲೂ ಮೊದಲು ನೋಡುವುದು ಜೀವಶಾಸ್ತ್ರವನ್ನೇ. ಎನ್‌ಸಿಇಆರ್‌ಟಿ ಪುಸ್ತಕವನ್ನು ಚಿತ್ರ, ಚಿತ್ರದ ಕೆಳಗಿನ ಸಾಲು ಸಮೇತ ನಾಲ್ಕೈದು ಬಾರಿ ಓದುವುದಕ್ಕೆ ಅಸಾಧಾರಣ ಬುದ್ಧಿ ಬೇಡ, ತಾಳ್ಮೆ ಬೇಕು. ಭೌತಶಾಸ್ತ್ರದಲ್ಲಿ ಎಡವುವ ಮಕ್ಕಳನ್ನು ವರ್ಷವಿಡೀ ಭೌತಶಾಸ್ತ್ರದಲ್ಲೇ ಮುಳುಗಿಸಿ ಜೀವಶಾಸ್ತ್ರ ಮರೆಸುವುದು ಸಾಮಾನ್ಯವಾಗಿ ಆಗುವ ತಪ್ಪು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಎದುರಿಗೆ ಇಂಗ್ಲಿಷ್ ಪಾಠವೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷೇ ಅಂತಿಮ.

ಪರೀಕ್ಷೆಯ ಹೊತ್ತಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. 2023, 2024, 2025ರಲ್ಲಿ ನೀಟ್ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡರಿಂದ. ಉರಿಬಿಸಿಲು, ಊಟವಾದ ಹೊತ್ತು. ನಮ್ಮ ಮೈಯ ಗಡಿಯಾರ ತೂಕಡಿಸುವ ಹೊತ್ತೇ ಅದು. ವರ್ಷವೆಲ್ಲ ರಾತ್ರಿ ಎರಡರವರೆಗೆ ಓದಿ ಮಧ್ಯಾಹ್ನ ಮಲಗಿದವನ ಮೆದುಳು ಅವತ್ತೂ ಮಲಗಲು ನೋಡುತ್ತದೆ. ಕೊನೆಯ ಎರಡು ತಿಂಗಳಾದರೂ ಮಾದರಿ ಪರೀಕ್ಷೆಗಳನ್ನು ಎರಡರಿಂದ ಐದರವರೆಗೆ ಬರೆಸಿ. ಅಂದು ಊಟ ಹನ್ನೊಂದೂವರೆಗೆ ಮುಗಿಯಲಿ. ಮೊಸರನ್ನವೋ ಚಪಾತಿಯೋ, ಅಭ್ಯಾಸವಿದ್ದದ್ದೇ ಸ್ವಲ್ಪ ಕಡಿಮೆ. ಹೊಸ ಹೋಟೆಲಿನ ಬಿರಿಯಾನಿ ಬೇಡ. ಕೈ ನಡುಗದಿರಲೆಂದು ಸ್ನೇಹಿತರು ಕೊಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಉಬ್ಬಸವಿರುವವರಿಗೆ ಅದು ಅಪಾಯಕಾರಿ.

ದುಡ್ಡಿನ ದಾರಿ

ಅಂಕ ಕಡಿಮೆ ಇರುವ ಮನೆಯನ್ನು ದಲ್ಲಾಳಿಗಳು ಇರುವೆ ಬೆಲ್ಲ ಹುಡುಕಿದಂತೆ ಹುಡುಕಿಕೊಂಡು ಬರುತ್ತಾರೆ. 'ನೀಟ್ ಇಲ್ಲದೆ ಸೀಟು' ಎಂದವನು ಸುಳ್ಳುಗಾರ. ಎನ್‌ಆರ್‌ಐ ಕೋಟಾಕ್ಕೂ ನೀಟ್ ಅರ್ಹತೆ ಬೇಕು. ರಾಜ್ಯದ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳ ಸೀಟು ಪರೀಕ್ಷಾ ಪ್ರಾಧಿಕಾರದ ಮೂಲಕ, ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಕೇಂದ್ರದ ಕೌನ್ಸೆಲಿಂಗ್ ಸಮಿತಿಯ ಮೂಲಕ ಹಂಚಿಕೆಯಾಗುತ್ತವೆ. ಮುಂಗಡ ಕೊಟ್ಟು ಕಾದಿರಿಸುವ ವಸ್ತು ಇದಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಇದೆ.

ಕಡಿಮೆ ಅಂಕಕ್ಕೂ ಕಾನೂನುಬದ್ಧವಾಗಿಯೇ ಸಿಗುವ ಸೀಟುಗಳಿವೆ, ಸುಳ್ಳು ಹೇಳಬಾರದು. ಆದರೆ ಅವುಗಳ ಶುಲ್ಕ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ, ಡೀಮ್ಡ್‌ನಲ್ಲಿ ಇಪ್ಪತ್ತರ ಹತ್ತಿರವೂ ಹೋಗುತ್ತದೆ. ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆ ಬಳಿಕ ಕೈಗೆ ಬರುವುದು ಎಂಬಿಬಿಎಸ್ ಮಾತ್ರ, ಪಿಜಿಗೆ ಮತ್ತೆ ಇದೇ ಓಟ. ತಂಗಿಯ ಓದಿಗೂ ಅಜ್ಜನ ಆಪರೇಷನ್ನಿಗೂ ಇದ್ದ ಒಂದೇ ತೋಟವನ್ನು ಮಾರಿ ಕಟ್ಟಿದ ಶುಲ್ಕದ ಭಾರ ಹೊತ್ತ ಹುಡುಗ ಮೊದಲ ವರ್ಷ ಅಂಗರಚನಾಶಾಸ್ತ್ರದಲ್ಲಿ ಫೇಲಾದರೆ ಏನಾಗುತ್ತಾನೆ, ಯೋಚಿಸಿ. 2023ರ ನಿಯಮದ ಪ್ರಕಾರ ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಪ್ರಯತ್ನ, ಇಡೀ ಕೋರ್ಸ್ ಒಂಬತ್ತು ವರ್ಷದೊಳಗೆ ಮುಗಿಯಬೇಕು. ಒಳಗೆ ಹೋದ ಮೇಲೂ ಓದಲೇಬೇಕು.

ವಿದೇಶದ ಮಾತು ಬಂದರೆ ಮೂರು ವಿಷಯ ಖಚಿತಪಡಿಸಿಕೊಳ್ಳಿ. ಅಲ್ಲಿಗೆ ಹೋಗಲೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಕೋರ್ಸ್ ಇಂಗ್ಲಿಷ್‌ನಲ್ಲಿ ಕನಿಷ್ಠ 54 ತಿಂಗಳಿದ್ದು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ಹಿಂದಿರುಗಿದ ಮೇಲೆ 300 ಅಂಕದ ಪರೀಕ್ಷೆಯಲ್ಲಿ 150 ಬರಬೇಕು. ಅದರಲ್ಲಿ ಅನೇಕ ಬಾರಿ ಮೂರರಲ್ಲಿ ಒಬ್ಬರೂ ಪಾಸಾಗಿಲ್ಲ. 2022ರಲ್ಲಿ ಯುಕ್ರೇನಿನಿಂದ ಅರ್ಧಕ್ಕೆ ಓದು ಬಿಟ್ಟು ಬಂದ ನಮ್ಮ ಮಕ್ಕಳ ಪಾಡು ನೀವು ಮರೆತಿರಲಾರಿರಿ.

ಆಯುರ್ವೇದ, ಹೋಮಿಯೋಪಥಿಗೂ ನೀಟ್ ಅಂಕವೇ ಆಧಾರ. ಪಶುವೈದ್ಯ, ನರ್ಸಿಂಗ್, ಫಾರ್ಮಸಿ ಇವೆಲ್ಲ ಗೌರವದ ಕಸುಬುಗಳು. ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಯ ಬಳಿ ಇರುವವರು ನರ್ಸ್ ಎಂಬುದನ್ನು ನಿಮ್ಮ ಮಗಳಿಗೆ ಹೇಳಿ. ಆದರೆ ಮನಸ್ಸಿಲ್ಲದ ಕೋರ್ಸಿಗೆ ಬರೀ 'ಡಾಕ್ಟರ್' ಎಂಬ ಅಕ್ಷರಕ್ಕಾಗಿ ಸೇರಿಸಬೇಡಿ.

ಫಲಿತಾಂಶದ ವಾರದಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ನೆಂಟರ ಫೋನುಗಳನ್ನು ನೀವೇ ಎತ್ತಿಕೊಳ್ಳಿ. ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ ಬಿಟ್ಟರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, 'ನಾನಿದ್ದೇನು ಪ್ರಯೋಜನ' ಎಂಬ ಮಾತು ಬಂದರೆ ಅದನ್ನು ನಾಟಕ ಎಂದುಕೊಳ್ಳದೆ ಅಂದೇ ವೈದ್ಯರ ಬಳಿ ಕರೆತನ್ನಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಹಳ್ಳಿಯ ಓದುಗರಿಗೆ. ರಾಜ್ಯದ ಸರ್ಕಾರಿ ಕೋಟಾದ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಿದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಅನ್ವಯ ಪ್ರತ್ಯೇಕ ಪಾಲಿದೆ. ಎಷ್ಟೋ ಮಕ್ಕಳು ಈ ಸೀಟನ್ನು ಕಳೆದುಕೊಳ್ಳುವುದು ಅಂಕದಿಂದಲ್ಲ, ಕಾಗದದಿಂದ. ನೀಟ್ ಬರೆದರೆ ಸಾಲದು, ಪರೀಕ್ಷಾ ಪ್ರಾಧಿಕಾರಕ್ಕೆ ಬೇರೆ ಅರ್ಜಿ ಹಾಕಿ ಅದರಲ್ಲಿ ಈ ಮೀಸಲಾತಿ ಕೇಳಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಆಗಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ, ಮುಖ್ಯೋಪಾಧ್ಯಾಯರು ಊರಿಗೆ ಹೋಗಿರುತ್ತಾರೆ. ಮಾರ್ಚ್ ತಿಂಗಳಲ್ಲಿಯೇ ಹೋಗಿ ಮಾಡಿಸಿಟ್ಟುಕೊಳ್ಳಿ.